ಪಂಜಾಬಿನಲ್ಲಿ ಬೆಂಕಿ ಚುಕ್ಕಿ ಇಳಿದಿವೆ, ದೆಹಲಿಯಲ್ಲಿ ಹೊಗೆ ಇಳಿದಿಲ್ಲ. ಯಾವ ಲೆಕ್ಕ ನಂಬೋದು?

ದ್ವಾರಕಾ_ತಿಪಟೂರು
ಎಲ್ಲರಿಗೂ ನಮಸ್ಕಾರ. ಊರು ತಿಪಟೂರು, ಕೆಲಸ ದೆಹಲಿ, ಮನೆ ದ್ವಾರಕಾ. ದೀಪಾವಳಿ ಹತ್ತಿರ ಬಂತು ಅಂದ್ರೆ ಇಲ್ಲಿ ಒಂದೇ ಜಗಳ. ಪಂಜಾಬ್, ಹರಿಯಾಣದವರು ಭತ್ತದ ಕೂಳೆ ಸುಡ್ತಾರೆ, ನಾವು ಕೆಮ್ಮುತ್ತೀವಿ. ಆದರೆ ಸರ್ಕಾರದ ಉಪಗ್ರಹ ಲೆಕ್ಕ ನೋಡಿ: ಪಂಜಾಬಿನಲ್ಲಿ 2022ರ ಹಂಗಾಮಿನಲ್ಲಿ 49,922 ಬೆಂಕಿ, 2023ರಲ್ಲಿ 36,663, 2024ರಲ್ಲಿ 10,909. ಎರಡೇ ವರ್ಷದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗಕ್ಕೆ ಬಂದುಬಿಟ್ಟಿದೆ. ಅದೇ 2024ರ ನವೆಂಬರ್ 18ಕ್ಕೆ ದೆಹಲಿಯ ಎಕ್ಯೂಐ, ಅಂದ್ರೆ ಗಾಳಿ ಎಷ್ಟು ಕೆಟ್ಟಿದೆ ಅನ್ನೋ ಸೂಚ್ಯಂಕ, 490 ದಾಟಿತ್ತು.

ಆಫೀಸಲ್ಲಿ ಪಕ್ಕದ ಸೀಟಿನವನು ಪಂಜಾಬಿನ ಸಂಗರೂರಿನವನು. "ನೋಡಪ್ಪಾ, ನಮ್ಮದೇನೂ ತಪ್ಪಿಲ್ಲ, ನಿಮ್ಮ ಕಾರುಗಳದ್ದೇ ಎಲ್ಲ" ಅಂತ ಈ ಅಂಕಿ ಹಿಡಿದು ದಿನಾ ಚುಚ್ಚುತ್ತಾನೆ. ನನಗೆ ಉತ್ತರ ಗೊತ್ತಿಲ್ಲ. ಉಪಗ್ರಹ ಸುಳ್ಳು ಹೇಳ್ತಿದೆಯಾ, ನೆಲದ ಮೇಲಿನ ಮೀಟರ್ ಸುಳ್ಳು ಹೇಳ್ತಿದೆಯಾ?

ಸುಮ್ನೆ_ಓದುಗ
ಎರಡೂ ನಿಜ ಹೇಳ್ತಿವೆ. ಸುಳ್ಳು ಹೇಳೋದು ಹೆಡ್‌ಲೈನ್.

ದೂರಸಂವೇದಿ
@ದ್ವಾರಕಾ_ತಿಪಟೂರು ಪ್ರಶ್ನೆ ಚೆನ್ನಾಗಿದೆ, ಆದರೆ "ಬೆಂಕಿ ಐದನೇ ಒಂದು ಭಾಗಕ್ಕೆ ಇಳಿದಿದೆ" ಅನ್ನೋ ಮಾತಲ್ಲೇ ಗಂಟು ಇದೆ. ಇಳಿದಿರೋದು ಉಪಗ್ರಹದ ಕಣ್ಣಿಗೆ ಬಿದ್ದ ಬೆಂಕಿ.

ಈ ಎಣಿಕೆ ಮಾಡೋದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ, ಅಂದ್ರೆ ಪೂಸಾ. ಆಧಾರ ಮೋಡಿಸ್ ಮತ್ತು ವಿಯರ್ಸ್ ಅನ್ನೋ ಉಪಕರಣಗಳು. ಮೋಡಿಸ್ ಟೆರಾ, ಆಕ್ವಾ ಉಪಗ್ರಹಗಳಲ್ಲಿದೆ, ವಿಯರ್ಸ್ 2011ರಲ್ಲಿ ಹಾರಿದ ಸುವೋಮಿ ಎನ್‌ಪಿಪಿ ಮತ್ತು ಅದರ ನಂತರದವುಗಳಲ್ಲಿ. ಇವೆಲ್ಲ ಧ್ರುವದಿಂದ ಧ್ರುವಕ್ಕೆ ಸುತ್ತುವಂಥವು. ಒಂದು ಜಾಗದ ಮೇಲೆ ಹಗಲಲ್ಲಿ ಒಮ್ಮೆ, ರಾತ್ರಿ ಒಮ್ಮೆ ಹಾದುಹೋಗ್ತವೆ. ವಿಯರ್ಸ್ ಬರೋದು ಮಧ್ಯಾಹ್ನ ಒಂದೂವರೆ ಆಸುಪಾಸು, ಮತ್ತೆ ರಾತ್ರಿ ಒಂದೂವರೆ ಆಸುಪಾಸು. ಭತ್ತದ ಗದ್ದೆಯ ಬೆಂಕಿ ಕಾಡಿನ ಬೆಂಕಿ ಥರ ದಿನಗಟ್ಟಲೆ ಉರಿಯಲ್ಲ, ಬೇಗ ಆರಿಹೋಗುತ್ತೆ. ಸಂಜೆ ನಾಲ್ಕಕ್ಕೆ ಹಚ್ಚಿ ಆರಕ್ಕೆ ಮುಗಿದರೆ ಲೆಕ್ಕಕ್ಕೇ ಇಲ್ಲ.

2024ರಲ್ಲಿ ನಾಸಾ ಗೊಡಾರ್ಡ್ ಕೇಂದ್ರದ ಹಿರೇನ್ ಜೇಠ್ವಾ ಇದನ್ನೇ ಎತ್ತಿ ತೋರಿಸಿದರು. ಕೊರಿಯಾದ ಜಿಕೆ-2ಎ ಭೂಸ್ಥಿರ ಉಪಗ್ರಹ, ಒಂದೇ ಕಡೆ ನಿಂತು ಹತ್ತು ಹತ್ತು ನಿಮಿಷಕ್ಕೆ ಚಿತ್ರ ತೆಗೆಯುತ್ತೆ. ಅದರಲ್ಲಿ ನೋಡಿದ್ರೆ ವಿಯರ್ಸ್ ಹಾದುಹೋದ ಮೇಲೆ ಪಂಜಾಬಿನ ಮೇಲೆ ಹೊಗೆ ಏಳ್ತಿತ್ತು.

ಸಂಶಯರಾಯ
ಅಲ್ಲ ಗುರು, ಸಂಗರೂರಿನ ರೈತನಿಗೆ ಅಮೆರಿಕದ ಉಪಗ್ರಹದ ಟೈಮ್ ಟೇಬಲ್ ಗೊತ್ತಾ? ನಮಗೆ ಬಿಎಂಟಿಸಿ ಬಸ್ಸಿನ ಟೈಮೇ ಗೊತ್ತಿರಲ್ಲ.

ಗಂಗಾವತಿ_ಗದ್ದೆ
ಗೊತ್ತಿರತೈತ್ರಿ. ದಂಡ ಬೀಳತೈತಿ ಅಂದ್ರ ರೈತಗ ಎಲ್ಲಾ ಗೊತ್ತಾಗತೈತಿ. 2024ರ ನವೆಂಬರದಾಗ ದಂಡ ಡಬಲ್ ಮಾಡಿದ್ರು. ಎರಡು ಎಕರೆ ಒಳಗಿದ್ರ 5,000, ಐದು ಎಕರೆ ತನಕ 10,000, ಅದರ ಮ್ಯಾಲ 30,000 ರೂಪಾಯಿ. ಪಂಜಾಬದಾಗ ಪಹಣಿಯೊಳಗ ಕೆಂಪು ಶಾಯಿ ನಮೂದು ಬ್ಯಾರೆ. ಇಷ್ಟೆಲ್ಲಾ ಇದ್ದಾಗ ಯಾವಾಗ ಹಚ್ಚಿದ್ರ ಸಿಗಂಗಿಲ್ಲ ಅಂತ ಊರ ಕಟ್ಟಿ ಮ್ಯಾಲ ಒಬ್ಬ ಹೇಳಿದ್ರ ಸಾಕು.

ಆದ್ರ ಇನ್ನೊಂದು ಮಾತು. ಸಂಜಿ ಹಚ್ಚೂದು ಬರೇ ಉಪಗ್ರಹಕ್ಕ ಹೆದರಿ ಅನ್ನಬ್ಯಾಡ್ರಿ. ಮುಂಜಾನೆ ಮಂಜು ಬಿದ್ದು ಹುಲ್ಲು ತೊಯ್ದಿರತೈತಿ, ಹೊತ್ತಂಗಿಲ್ಲ. ಬಿಸಿಲಿಗೆ ಒಣಗಿ ಮಧ್ಯಾಹ್ನ ಮ್ಯಾಲ ಹದಕ್ಕ ಬರತೈತಿ. ಅಧಿಕಾರಿಗಳ ಜೀಪು ಸಂಜಿಗೆ ವಾಪಸ್ ಹೋಗತೈತಿ, ಅದೂ ಒಂದು.

ಸಂಶಯರಾಯ
ಹಾಗಾದ್ರೆ ಎಲ್ಲ ಮೋಸ, ಸುಡೋದು ಕಡಿಮೆ ಆಗೇ ಇಲ್ಲ ಅಂತಲಾ?

ದೂರಸಂವೇದಿ
ಅದೂ ಅಲ್ಲ. ಕಡಿಮೆ ಆಗಿದೆ. ಕೂಳೆ ಸುಡದೆ ಗೋಧಿ ಬಿತ್ತೋ ಹ್ಯಾಪಿ ಸೀಡರ್, ಹುಲ್ಲು ಒತ್ತಿ ಕಟ್ಟೋ ಬೇಲರ್ ಯಂತ್ರಗಳು ಬಂದಿವೆ, ಹುಲ್ಲು ಬಾಯ್ಲರ್‌ಗೆ ಹೋಗ್ತಿದೆ. ಆದರೆ ಎಣಿಕೆ ಇಳಿದಷ್ಟು ಸುಟ್ಟ ನೆಲ ಇಳಿದಿಲ್ಲ. ಉರಿಯುವಾಗ ಹಿಡಿಯೋದು ಕಷ್ಟ, ಸುಟ್ಟ ಮೇಲೆ ಕರಿ ಬಿದ್ದ ಗದ್ದೆ ಮಾತ್ರ ಓಡಿಹೋಗಲ್ಲ. ಯುರೋಪಿನ ಸೆಂಟಿನೆಲ್-2 ಜೋಡಿ ಐದು ದಿನಕ್ಕೊಮ್ಮೆ ಬಂದು ಹತ್ತಿಪ್ಪತ್ತು ಮೀಟರ್ ವಿವರದಲ್ಲಿ ಚಿತ್ರ ಕೊಡುತ್ತೆ. ಅಷ್ಟರಲ್ಲಿ ಉತ್ತು ಗೋಧಿ ಬಿತ್ತಿಬಿಟ್ಟರೆ ಕರಿ ಅಳಿಸಿಹೋಗುತ್ತೆ, ಅದು ಅದರ ತೊಂದರೆ.

ಭೂಸ್ಥಿರ ಉಪಗ್ರಹವೇ ಸರ್ವಜ್ಞ ಅಂತಲೂ ತಿಳ್ಕೋಬೇಡಿ. ಅದು ಮೂವತ್ತಾರು ಸಾವಿರ ಕಿ.ಮೀ. ಎತ್ತರದಲ್ಲಿದೆ, ಅದರ ಚಿತ್ರದ ಒಂದೊಂದು ಚೌಕವೂ ಕಿಲೋಮೀಟರ್‌ಗಟ್ಟಲೆ. ಸಣ್ಣ ಬೆಂಕಿ ಅದಕ್ಕೆ ಕಾಣಲ್ಲ. ಆಗಾಗ ನೋಡೋದು ಒರಟಾಗಿ ನೋಡುತ್ತೆ, ನುಣ್ಣಗೆ ನೋಡೋದು ಅಪರೂಪಕ್ಕೆ ಬರುತ್ತೆ. ಒಂದನ್ನೇ ಹಿಡಿದು ಎಣಿಸಿದರೆ ಎಡವಟ್ಟು.

ಶಿರಸಿ_ಬೆಟ್ಟ
ಇದು ಪಂಜಾಬಿನ ಕತೆ ಮಾತ್ರ ಅಲ್ಲ. ನಮ್ಮ ಕಡೆ ಫೆಬ್ರವರಿಯಿಂದ ಮೇ ತನಕ ಕಾಡಿಗೆ ಬೆಂಕಿ ಬೀಳುತ್ತದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣೆಯವರು ಇದೇ ಮೋಡಿಸ್, ವಿಯರ್ಸ್ ಚುಕ್ಕಿಗಳನ್ನ ಎಸ್‌ಎಂಎಸ್ ಮಾಡಿ ಕಳಿಸುತ್ತಾರೆ. ನನ್ನ ಭಾವ ಅರಣ್ಯ ಇಲಾಖೆಯಲ್ಲಿದ್ದವರು. ಮೆಸೇಜ್ ಬಂದು, ಗಾಡಿ ಹೋಗುವಷ್ಟು ದೂರ ಹೋಗಿ, ಆಮೇಲೆ ನಡೆದು ತಲುಪುವಷ್ಟರಲ್ಲಿ ದರಕೆಲ್ಲ (ಒಣಗಿ ಬಿದ್ದ ಎಲೆ) ಸುಟ್ಟು ಬೂದಿ. ಎಷ್ಟೋ ಸಲ ಮೆಸೇಜಿನ ಜಾಗದಲ್ಲಿ ಏನೂ ಇರೋದಿಲ್ಲ, ಬೆಂಕಿ ಪಕ್ಕದ ಗುಡ್ಡದಲ್ಲಿ. ಮಳೆ ಬೀಳೋ ತನಕ ನಂಬಿಕೆ ಇಡೋದು ಬೆಂಕಿ ರೇಖೆ ಮೇಲೆ ಮತ್ತು ಕಾವಲಿನವರ ಕಾಲಿನ ಮೇಲೆ.

ದೂರಸಂವೇದಿ
@ಶಿರಸಿ_ಬೆಟ್ಟ ಪಕ್ಕದ ಗುಡ್ಡಕ್ಕೆ ಕಾರಣ ಇದೆ. ವಿಯರ್ಸ್‌ನ ಒಂದು ಚೌಕ 375 ಮೀಟರ್ ಅಗಲ, 375 ಮೀಟರ್ ಉದ್ದ. ಲೆಕ್ಕ ಹಾಕಿದರೆ 14 ಹೆಕ್ಟೇರ್, ಸುಮಾರು 35 ಎಕರೆ. ಮೋಡಿಸ್‌ನ ಚೌಕ ಒಂದು ಚದರ ಕಿ.ಮೀ., ಅಂದ್ರೆ 247 ಎಕರೆ. ಅದರೊಳಗೆ ಎಲ್ಲಿ ಬೆಂಕಿ ಇದ್ದರೂ ಚುಕ್ಕಿ ಬೀಳೋದು ಚೌಕದ ನಡುಮಧ್ಯಕ್ಕೆ. ಪಂಜಾಬಿನಲ್ಲಿ "ನನ್ನ ಹೊಲದಲ್ಲಿ ಸುಟ್ಟಿಲ್ಲ, ಉಪಗ್ರಹ ಸುಳ್ಳು ಕೇಸ್ ಹಾಕಿದೆ" ಅಂತ ಆಗೋ ತಕರಾರುಗಳಲ್ಲಿ ಒಂದಷ್ಟು ಇದರದ್ದೇ.

ಹೊಸಪೇಟೆ_ಹೈದ
ನಾಸಾದ ಫರ್ಮ್ಸ್ ಅನ್ನೋ ಬೆಂಕಿ ಚುಕ್ಕಿ ನಕ್ಷೆ ತೆಗೆದು ನಮ್ಮ ಕಡೆ ನೋಡಿದ್ರೆ ತೋರಣಗಲ್ಲು ಹತ್ರ ಯಾವಾಗ್ಲೂ ಕೆಂಪು ಚುಕ್ಕಿ. ಉಕ್ಕಿನ ಕುಲುಮೆ ಅದು, ಯಾರೂ ಕೂಳೆ ಸುಡ್ತಿಲ್ಲ ಅಲ್ಲಿ 😀 ಬಿಸಿ ಕಂಡ್ರೆ ಚುಕ್ಕಿ, ಅಷ್ಟೇ.

ಮಂಡ್ಯ_ಕಬ್ಬು
ಎಲ್ಲಾ ಸರಿ ಕಣಣ್ಣ, ಆ ಪಂಜಾಬ್‌ನೋರು ಹುಲ್ಲು ಯಾಕೆ ಸುಡಬೇಕು? ನಮ್ಮಲ್ಲಿ ಒಂದು ಹೊರೆ ಹುಲ್ಲಿಗೆ ಜಗಳ ಬೀಳ್ತವೆ. ದನಕ್ಕೆ ಹಾಕ್ಲಿ.

ಗಂಗಾವತಿ_ಗದ್ದೆ
ಅಲ್ಲಿ ದನಕ್ಕ ಗೋಧಿ ಹೊಟ್ಟು ಹಾಕ್ತಾರ್ರಿ, ಭತ್ತದ ಹುಲ್ಲಿನಾಗ ಸಿಲಿಕಾ ಜಾಸ್ತಿ ಅಂತ ಬ್ಯಾಡ ಅಂತಾರ. ಬಾಸುಮತಿ ಹುಲ್ಲಾದ್ರ ಸ್ವಲ್ಪ ಹಾಕ್ತಾರ. ಮತ್ತ ಮಷೀನ್ ಕಟಾವು ಮಾಡಿದ ಮ್ಯಾಲ ಹುಲ್ಲು ಬಣವಿ ಒಟ್ಟೂ ಹಂಗ ಉಳಿಯಂಗಿಲ್ಲ, ಮೊಣಕಾಲುದ್ದ ಕೂಳಿ ನಿಂತಿರತೈತಿ, ಉಳಿದದ್ದು ಚೂರಾಗಿ ಚೆಲ್ಲಿರತೈತಿ. ನಮ್ಮ ತುಂಗಭದ್ರಾ ಕಾಲುವಿ ಕೆಳಗೂ ಮಷೀನ್ ಬಂದ ಮ್ಯಾಲ ಸುಡೂದು ಚಾಲೂ ಆಗೇತಿ. ಪಂಜಾಬಿಗೆ ಬೈಯೂದಕ್ಕ ಮೊದಲ ಸಿಂಧನೂರು ಕಡೆ ಒಮ್ಮೆ ಬಂದು ನೋಡ್ರಿ.

ನೀರಿನ_ಲೆಕ್ಕ
ಯಾರೂ ಹೇಳದ ಒಂದು ಕಾರಣ: 2009ರ ಕಾನೂನು. ಪಂಜಾಬ್, ಹರಿಯಾಣ ಎರಡೂ ಅಂತರ್ಜಲ ಉಳಿಸೋಕೆ ಅಂತ ಭತ್ತದ ನಾಟಿಯನ್ನ ಜೂನ್ ನಡುವಿನ ಹತ್ತಿರಕ್ಕೆ ತಳ್ಳಿದವು. ನಾಟಿ ಮುಂದೆ ಹೋಯ್ತು, ಕೊಯ್ಲೂ ಮುಂದೆ ಹೋಯ್ತು. ನವೆಂಬರ್‌ನಲ್ಲಿ ಗೋಧಿ ಬಿತ್ತಲೇಬೇಕು. ನಡುವೆ ಉಳಿಯೋದು ಎರಡು ಮೂರು ವಾರ. ಪೂಸಾ-44 ಥರದ ಹೆಚ್ಚು ದಿನದ ತಳಿ ಹಾಕಿದವರಿಗೆ ಅದೂ ಇಲ್ಲ. ಮೊದಲು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಗಾಳಿ ಇರುವಾಗ ಏಳ್ತಿದ್ದ ಹೊಗೆ ಈಗ ಗಾಳಿ ಸತ್ತು ಚಳಿ ಶುರುವಾಗೋ ಹೊತ್ತಿಗೆ ಏಳುತ್ತೆ. ಉಪಗ್ರಹ, ಮೀಟರ್ ಅಂತ ಎಷ್ಟು ಅಳೆದರೂ ತಾರೀಖು ಬದಲಾಗದೆ ಏನೂ ಆಗಲ್ಲ.

ಸಂಶಯರಾಯ
ನೀರು ಉಳಿಸೋದು ತಪ್ಪಾ ಹಾಗಾದ್ರೆ?

ನೀರಿನ_ಲೆಕ್ಕ
ತಪ್ಪು ಅಂದವರಾರು ಸ್ವಾಮಿ. ಅಲ್ಲಿ ಭತ್ತ ಬೆಳೆಯೋದೇ ತಪ್ಪು ಅಂತ ನನ್ನ ಅಭಿಪ್ರಾಯ. ಬೆಂಬಲ ಬೆಲೆ, ಬಿಟ್ಟಿ ಕರೆಂಟು ಎರಡೂ ಇರೋ ತನಕ ಬಿಡಲ್ಲ.

ದ್ವಾರಕಾ_ತಿಪಟೂರು
ಬೆಂಕಿ ಎಣಿಕೆಯ ವಿಷಯ ಅರ್ಥ ಆಯ್ತು. ಹೊಗೆಯನ್ನೇ ನೇರವಾಗಿ ಉಪಗ್ರಹ ಅಳೆಯಬಹುದಲ್ಲ? ಬೆಂಕಿ ಯಾವಾಗ ಹಚ್ಚಿದರೂ ಕಣ ಗಾಳಿಯಲ್ಲಿ ಇದ್ದೇ ಇರುತ್ತೆ.

ಬೇ_ಏರಿಯಾ_ಬಸವ
ಅಳೀತಾರೆ. ಏಒಡಿ ಅಂತಾರೆ. ಸೂರ್ಯನ ಬೆಳಕು ನೆಲ ಮುಟ್ಟೋದರೊಳಗೆ ದಾರಿಯಲ್ಲಿರೋ ಕಣಗಳು ಎಷ್ಟು ತಡೀತವೆ ಅನ್ನೋ ಅಳತೆ. ಆದರೆ ಅದು ನೆಲದಿಂದ ಆಕಾಶದ ತನಕ ಇಡೀ ಕಂಬದ ಲೆಕ್ಕ. ನಾವು ಉಸಿರಾಡೋದು ಕೆಳಗಿನ ಎರಡು ಮೀಟರ್.

ಇದನ್ನ ನಾನು ಕಣ್ಣಾರೆ ಕಂಡಿದ್ದೀನಿ. 2020ರ ಸೆಪ್ಟೆಂಬರ್ 9, ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿನ ಸಮಯ. ಬೆಳಿಗ್ಗೆ ಎದ್ರೆ ಆಕಾಶ ಕಿತ್ತಳೆ ಬಣ್ಣ, ಹತ್ತು ಗಂಟೆಗೂ ಲೈಟ್ ಹಾಕ್ಕೊಂಡು ಕೂತಿದ್ವಿ. ಅಮ್ಮ ಹಾಸನದಿಂದ ಫೋನ್ ಮಾಡಿ ಅಳ್ತಿದ್ರು. ಆದರೆ ಆವತ್ತು ನೆಲದ ಮೀಟರ್‌ಗಳಲ್ಲಿ ಪಿಎಂ 2.5 (ಗಾಳಿಯಲ್ಲಿರೋ ಅತಿ ಸಣ್ಣ ಕಣ) ಅಷ್ಟೇನೂ ಕೆಟ್ಟಿರಲಿಲ್ಲ. ಹೊಗೆ ಮೇಲಿತ್ತು, ಕೆಳಗೆ ಸಮುದ್ರದ ತಣ್ಣನೆ ಗಾಳಿಯ ಪದರ. ಮುಂದಿನ ದಿನಗಳಲ್ಲಿ ಆಕಾಶ ಬರೀ ಬೂದು ಬಣ್ಣಕ್ಕೆ ತಿರುಗಿತು, ನೋಡೋಕೆ ಭಯಂಕರ ಏನಿರಲಿಲ್ಲ. ಹೊಗೆ ಕೆಳಗಿಳಿದಿತ್ತು, ಮೀಟರ್ ಏರಿತ್ತು, ಗಂಟಲು ಉರಿ ಶುರುವಾಗಿದ್ದು ಆಗ.

ಕಾನ್ಪುರ_ಕನ್ನಡಿಗ
@ಬೇ_ಏರಿಯಾ_ಬಸವ ಸರಿಯಾಗಿ ಹೇಳಿದ್ರಿ. ಗಂಗಾ ಬಯಲಲ್ಲಿ ಇದೇ ಕತೆ ದಿನಕ್ಕೆರಡು ಸಲ. ನವೆಂಬರ್ ಮಧ್ಯಾಹ್ನ ಗಾಳಿ ಕಲಸಿಕೊಳ್ಳೋ ಪದರ ಒಂದು ಕಿಲೋಮೀಟರ್ ಆಸುಪಾಸು ಎತ್ತರ ಇರುತ್ತೆ, ರಾತ್ರಿ ಕೆಲವೇ ನೂರು ಮೀಟರ್‌ಗೆ ಕುಸಿಯುತ್ತೆ. ಕಣ ಅಷ್ಟೇ ಇದ್ದರೂ ಪಾತ್ರೆ ಸಣ್ಣದಾಯ್ತು, ಸಾರು ಗಟ್ಟಿಯಾಯ್ತು. ಏಒಡಿಗೆ ಈ ವ್ಯತ್ಯಾಸ ಕಾಣಲ್ಲ. ರಾತ್ರಿ ಸೂರ್ಯನೇ ಇಲ್ಲವಾದ್ದರಿಂದ ಮಾಮೂಲಿ ಏಒಡಿ ಅಳತೆಯೂ ಇಲ್ಲ. ಗಾಳಿ ಅತಿ ಕೆಟ್ಟಿರೋದು ರಾತ್ರಿ ಮತ್ತು ಬೆಳಗಿನ ಜಾವ, ಉಪಗ್ರಹ ಅಳೆಯೋದು ಹಗಲು. ಇನ್ನೊಂದು ತಮಾಷೆ, ಹೊಗೆ ತೀರಾ ದಟ್ಟವಾದರೆ ಲೆಕ್ಕಾಚಾರದ ಪ್ರೋಗ್ರಾಮ್ ಅದನ್ನ ಮೋಡ ಅಥವಾ ಮಂಜು ಅಂದುಕೊಂಡು ಆ ಚೌಕವನ್ನೇ ಬಿಟ್ಟುಬಿಡುತ್ತೆ. ಅತಿ ಕೆಟ್ಟ ದಿನದ ನಕ್ಷೆಯಲ್ಲಿ ಖಾಲಿ ಜಾಗ.

ಹಾಗಾಗಿ ನೆಲದಿಂದ ಸೂರ್ಯನನ್ನ ನೋಡೋ ಉಪಕರಣ ಬೇಕೇ ಬೇಕು. ಏರೋನೆಟ್ ಅನ್ನೋ ಜಾಗತಿಕ ಜಾಲದ ಕೇಂದ್ರ ಕಾನ್ಪುರ ಐಐಟಿಯಲ್ಲಿ 2001ರಿಂದ ಇದೆ. ಬೇರೆ ಬೇರೆ ಬಣ್ಣದ ಬೆಳಕು ಎಷ್ಟೆಷ್ಟು ತಡೆಯುತ್ತೆ ಅಂತ ಹೋಲಿಸಿ, ಇದು ರಾಜಸ್ಥಾನದ ದಪ್ಪ ಧೂಳಾ ಅಥವಾ ನುಣುಪು ಹೊಗೆಯಾ ಅಂತ ಹೇಳಬಹುದು. ಮೇ ತಿಂಗಳಿಗೂ ನವೆಂಬರ್‌ಗೂ ಅಜಗಜಾಂತರ.

ಮೀಟರ್_ಮೆಕ್ಯಾನಿಕ್
ನೆಲದ ಮೀಟರ್ ಬಗ್ಗೆ ಯಾರೂ ಮಾತಾಡ್ತಿಲ್ಲ, ನಾನು ಹೇಳ್ತೀನಿ. ಇಂಥ ಕೇಂದ್ರಗಳ ನಿರ್ವಹಣೆ ಕೆಲಸ ಮಾಡಿದ್ದೀನಿ, ಯಾವ ಊರು ಅಂತ ಬೇಡ. ಸರ್ಕಾರಿ ಕೇಂದ್ರದಲ್ಲಿ ಇರೋದು ಬ್ಯಾಮ್ ಅನ್ನೋ ಯಂತ್ರ. ಗಾಳಿಯನ್ನ ಒಂದು ಟೇಪಿನ ಮೂಲಕ ಎಳೆಯುತ್ತೆ, ಟೇಪಿನ ಮೇಲೆ ಕಣ ಕೂರುತ್ತೆ, ಬೀಟಾ ಕಿರಣ ಹಾಯಿಸಿ ಎಷ್ಟು ತಡೆಯಿತು ಅಂತ ನೋಡಿ ತೂಕ ಹೇಳುತ್ತೆ. ಒಳ್ಳೆ ಯಂತ್ರ. ಆದರೆ ಟೇಪ್ ಮುಗಿದಿರುತ್ತೆ, ಪಂಪ್ ಕೆಟ್ಟಿರುತ್ತೆ, ಕರೆಂಟ್ ಹೋಗಿರುತ್ತೆ. ಒಳಗೆ ಬರೋ ಗಾಳಿಯ ತೇವ ಆರಿಸೋ ಹೀಟರ್ ಕೈಕೊಟ್ಟರೆ ಮಂಜಿನ ದಿನ ನೀರನ್ನೂ ಕಣ ಅಂತ ತೂಗುತ್ತೆ.

ಮೂರು ಸಾವಿರ, ನಾಲ್ಕು ಸಾವಿರಕ್ಕೆ ಸಿಗೋ ಲೇಸರ್ ಡಬ್ಬಿ ತೂಗೋದೇ ಇಲ್ಲ, ಕಣಕ್ಕೆ ಬಡಿದು ಚದುರಿದ ಬೆಳಕು ನೋಡಿ ಅಂದಾಜು ಮಾಡುತ್ತೆ. ದೆಹಲಿಯ ಚಳಿಗಾಲದ ಬೆಳಿಗ್ಗೆ ತೇವಕ್ಕೆ ಕಣ ಉಬ್ಬಿರುತ್ತೆ, ಡಬ್ಬಿ ಸಿಕ್ಕಾಪಟ್ಟೆ ಜಾಸ್ತಿ ತೋರಿಸುತ್ತೆ. ಅದೇ ಡಬ್ಬಿ ಮೇ ತಿಂಗಳ ದಪ್ಪ ಧೂಳನ್ನ ಕಡಿಮೆ ತೋರಿಸುತ್ತೆ. ಬ್ಯಾಮ್ ಪಕ್ಕ ಇಟ್ಟು ಸರಿಹೊಂದಿಸಿಕೊಳ್ಳದೆ ಆ ಅಂಕಿ ವಾಟ್ಸಾಪ್‌ನಲ್ಲಿ ಹಂಚಬೇಡಿ, ದಯವಿಟ್ಟು.

ದ್ವಾರಕಾ_ತಿಪಟೂರು
ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಆ ನವೆಂಬರ್ 18ಕ್ಕೆ ಎಕ್ಯೂಐ 1,200 ಅಂತ ಸ್ಕ್ರೀನ್‌ಶಾಟ್ ಹಾಕಿದ್ದರು. ಸರ್ಕಾರಿ ಸಮೀರ್ ಆ್ಯಪ್‌ನಲ್ಲಿ 500 ಒಳಗೆ. ಇದು ಆ ಡಬ್ಬಿಯ ಕತೆನಾ?

ಮೀಟರ್_ಮೆಕ್ಯಾನಿಕ್
ಸ್ವಲ್ಪ ಅದು, ಹೆಚ್ಚಿನದ್ದು ಅಳತೆಗೋಲಿನ ಕತೆ. ನಮ್ಮ ಎಕ್ಯೂಐ 500ಕ್ಕೆ ನಿಂತುಬಿಡುತ್ತೆ, ಮೇಲೆ ಏಣಿಯೇ ಇಲ್ಲ. ಜೊತೆಗೆ ಅದು 24 ಗಂಟೆ ಸರಾಸರಿ. ಖಾಸಗಿ ಆ್ಯಪ್‌ಗಳು ಅಮೆರಿಕದ ಅಳತೆಗೋಲು ಹಿಡಿದು ಆ ಗಂಟೆಯದ್ದೇ ತೋರಿಸ್ತವೆ. ಎಕ್ಯೂಐ ಬಿಟ್ಟು ಪಿಎಂ 2.5 ಎಷ್ಟು ಮೈಕ್ರೋಗ್ರಾಂ ಅಂತ ನೋಡಿ. ಒಂದು ಘನ ಮೀಟರ್ ಗಾಳಿಗೆ ದಿನದ ಸರಾಸರಿ ಮಿತಿ ಭಾರತದಲ್ಲಿ 60, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15.

ಕುಡ್ಲದ_ಕೂಸು
60ಕ್ಕೂ 15ಕ್ಕೂ ಎಂಥ ಅಂತರ ಮಾರಾಯ್ರೆ! ನಮ್ಮ ಶ್ವಾಸಕೋಶ ಏನು ಬೇರೆ ಕಂಪನಿಯದ್ದಾ?

ಸಿಂಗಪುರದ_ಸೊಸೆ
ಇಲ್ಲೂ ಇದೇ ಪಾಡು ಇತ್ತು. 2013ರ ಜೂನ್‌ನಲ್ಲಿ ಸುಮಾತ್ರಾದ ಬೆಂಕಿಯಿಂದ ಸಿಂಗಪುರದ ಪಿಎಸ್ಐ (ಎಕ್ಯೂಐ ಥರದ ಇಲ್ಲಿನ ಗಾಳಿ ಸೂಚ್ಯಂಕ) 401ಕ್ಕೆ ಹೋಗಿತ್ತು, ಇಲ್ಲಿನ ದಾಖಲೆ ಅದು. 2015ರಲ್ಲಿ ಶಾಲೆಗೆ ಒಂದು ದಿನ ರಜೆ ಕೂಡ ಕೊಟ್ಟರು. ಅಲ್ಲಿ ಉರಿಯೋದು ಪೀಟ್, ಅಂದ್ರೆ ನೆಲದೊಳಗಿನ ಕೊಳೆತ ಗಿಡಮರದ ಪದರ. ಜ್ವಾಲೆ ಇಲ್ಲದೆ ಒಳಗೊಳಗೇ ಹೊಗೆಯಾಡುತ್ತೆ, ಬಿಸಿ ಕಡಿಮೆ, ಉಪಗ್ರಹಕ್ಕೆ ಚುಕ್ಕಿಯಾಗಿ ಸಿಗೋದೇ ಕಷ್ಟ. ಹೊಗೆ ಮಾತ್ರ ಜ್ವಾಲೆಯ ಬೆಂಕಿಗಿಂತ ಜಾಸ್ತಿ. ಅದಕ್ಕೇ ಚುಕ್ಕಿ ಎಣಿಸಿ ಹೊಗೆ ಲೆಕ್ಕ ಹಾಕೋದು ಅಂದ್ರೆ ನನಗೆ ನಂಬಿಕೆ ಇಲ್ಲ.

ಫಿಲ್ಟರ್_ಕಾಫಿ
ಯಾವ ಏರ್ ಪ್ಯೂರಿಫೈಯರ್ ತಗೋಬೋದು ಅಂತ ಯಾರಾದ್ರೂ ಹೇಳಿ. ಅತ್ತೆಗೆ ಅಸ್ತಮಾ, ನೋಯ್ಡಾ.

ಸುಮ್ನೆ_ಓದುಗ
ಹೆಪಾ ಫಿಲ್ಟರ್ ಇರೋದು ಯಾವುದಾದ್ರೂ ಆಗುತ್ತೆ, ರೂಮಿನ ಅಳತೆಗೆ ತಕ್ಕ ಹಾಗೆ ನೋಡಿ. ಅಯೊನೈಸರ್ ಅಂತ ಮಾರೋದನ್ನ ಬಿಡಿ. ಫಿಲ್ಟರ್ ಬದಲಿಸೋ ಖರ್ಚು ಮೊದಲೇ ಕೇಳ್ಕೊಳ್ಳಿ, ಅಲ್ಲೇ ಅವರು ಕಾಸು ಮಾಡೋದು.

ಕಾನ್ಪುರ_ಕನ್ನಡಿಗ
ಮತ್ತೆ ವಿಷಯಕ್ಕೆ. @ದ್ವಾರಕಾ_ತಿಪಟೂರು ನಿಮ್ಮ ಮೂಲ ಪ್ರಶ್ನೆಗೆ ಹತ್ತಿರದ ಉತ್ತರ ಜಪಾನಿನ ಆಕಾಶ್ ಯೋಜನೆಯಲ್ಲಿದೆ. ಪಂಜಾಬಿನ ಸರ್ಕಾರಿ ಸ್ವಯಂಚಾಲಿತ ಕೇಂದ್ರಗಳಿರೋದು ಅಮೃತಸರ, ಲುಧಿಯಾನ, ಪಟಿಯಾಲ, ಬಠಿಂಡಾ ಥರದ ಪಟ್ಟಣಗಳಲ್ಲಿ. ಹೊಗೆ ಏಳೋ ಹಳ್ಳಿಯಲ್ಲಿ ಮೀಟರೇ ಇಲ್ಲ. ಕ್ಯೋಟೋದ ಸಂಶೋಧನಾ ಸಂಸ್ಥೆಯವರು 2022ರಲ್ಲಿ ಪಂಜಾಬ್, ಹರಿಯಾಣ, ದೆಹಲಿ ಉದ್ದಕ್ಕೂ ಸುಮಾರು ಮೂವತ್ತು ಕಡೆ ಸಣ್ಣ ಸೆನ್ಸರ್ ಇಟ್ಟರು. ಹೊಗೆ ಹುಟ್ಟಿದ ಕಡೆಯಿಂದ ದೆಹಲಿ ತನಕ ಹೇಗೆ ಬರುತ್ತೆ ಅಂತ ಹೆಜ್ಜೆಹೆಜ್ಜೆಗೂ ಹಿಡಿಯೋ ಪ್ರಯತ್ನ. ಅವರ ಲೆಕ್ಕದಲ್ಲಿ 2022ರ ಅಕ್ಟೋಬರ್, ನವೆಂಬರ್ ಎರಡು ತಿಂಗಳ ಸರಾಸರಿಯಲ್ಲಿ ದೆಹಲಿ ಸುತ್ತಲಿನ ಪಿಎಂ 2.5ಗೆ ಕೂಳೆ ಬೆಂಕಿಯ ಪಾಲು ಶೇ. 14ರಷ್ಟು.

ಸಂಶಯರಾಯ
ಬರೀ 14? ಟಿವಿಯಲ್ಲಿ ಶೇ. 35 ಅಂತಾರೆ. ಸಂಗರೂರಿನವನೇ ಗೆದ್ದ ಹಾಗಾಯ್ತಲ್ಲ!

ಕಾನ್ಪುರ_ಕನ್ನಡಿಗ
ಅದು ದಿನದ ಲೆಕ್ಕ, ಇದು ಎರಡು ತಿಂಗಳ ಲೆಕ್ಕ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ದಿನದ ಪಾಲು ಅಂದಾಜು ಮಾಡುತ್ತೆ. ಗಾಳಿ ವಾಯವ್ಯದಿಂದ ಬೀಸಿ, ಬೆಂಕಿಯೂ ಜಾಸ್ತಿ ಇದ್ದ ದಿನ ಮೂರನೇ ಒಂದು ಭಾಗ ಮುಟ್ಟುತ್ತೆ, ಗಾಳಿ ತಿರುಗಿದ ದಿನ ಒಂದಂಕಿಗೆ ಬೀಳುತ್ತೆ. ಎರಡರಲ್ಲಿ ಯಾವುದೂ ಸುಳ್ಳಲ್ಲ. ಟಿವಿಯವರು ಅತಿ ಹೆಚ್ಚಿನ ದಿನವನ್ನ ಹಿಡೀತಾರೆ, ಪಂಜಾಬಿನವರು ಸರಾಸರಿ ಹಿಡೀತಾರೆ. ಆದರೆ ಆಸ್ಪತ್ರೆಗೆ ಓಡಿಸೋದು ಆ ಕೆಲವು ಕೆಟ್ಟ ದಿನಗಳೇ ಅನ್ನೋದನ್ನೂ ಸಂಗರೂರಿನವರಿಗೆ ಹೇಳಿ.

ಉಳಿದದ್ದು ವಾಹನ, ಕಾರ್ಖಾನೆ, ಕಸ, ಚಳಿಗೆ ಹಾಕೋ ಬೆಂಕಿ, ಧೂಳು, ಇವುಗಳ ಅನಿಲ ಗಾಳಿಯಲ್ಲೇ ಕಣವಾಗೋದು. ಡಿಸೆಂಬರ್, ಜನವರಿಯಲ್ಲಿ ಕೂಳೆ ಬೆಂಕಿ ಹೆಚ್ಚುಕಡಿಮೆ ಇರಲ್ಲ, ದೆಹಲಿ ಗಾಳಿ ಆಗಲೂ ಕೆಟ್ಟೇ ಇರುತ್ತೆ.

ರಸಾಯನ_ರಮ್ಯ
ಯಾರ ಹೊಗೆ ಅಂತ ಗುರುತಿಸೋಕೆ ರಸಾಯನಶಾಸ್ತ್ರದಲ್ಲೂ ದಾರಿ ಇದೆ. ಹುಲ್ಲು, ಕಟ್ಟಿಗೆ ಸುಟ್ಟರೆ ಸೆಲ್ಯುಲೋಸ್ ಒಡೆದು ಲೆವೊಗ್ಲುಕೋಸಾನ್ ಅನ್ನೋ ವಸ್ತು ಬರುತ್ತೆ, ಜೊತೆಗೆ ಪೊಟ್ಯಾಶಿಯಂ. ಡೀಸೆಲ್‌ನಿಂದ ಲೆವೊಗ್ಲುಕೋಸಾನ್ ಬರಲ್ಲ. ಕರಿ ಇಂಗಾಲ ಅಳೆಯೋ ಎಥಲೋಮೀಟರ್‌ನಲ್ಲೂ ಹುಲ್ಲಿನ ಹೊಗೆ ನೇರಳಾತೀತ ಬೆಳಕನ್ನ ಹೆಚ್ಚು ಹೀರುತ್ತೆ, ಡೀಸೆಲ್ ಮಸಿ ಹಾಗಲ್ಲ. ತೊಡಕು ಏನಂದ್ರೆ, ದೆಹಲಿಯ ಸೆಕ್ಯೂರಿಟಿ ಗಾರ್ಡ್ ರಾತ್ರಿ ಚಳಿಗೆ ಹಾಕೋ ಕಟ್ಟಿಗೆ ಬೆಂಕಿಯದ್ದೂ ಇದೇ ಗುರುತು. ಪಂಜಾಬಿನ ಹುಲ್ಲಾ, ಪಕ್ಕದ ಬೀದಿಯ ಕಟ್ಟಿಗೆಯಾ ಅಂತ ಬೇರ್ಪಡಿಸೋಕೆ ಮತ್ತೆ ಗಾಳಿಯ ದಿಕ್ಕು, ಉಪಗ್ರಹ ಎರಡೂ ಬೇಕು.

ಜಯನಗರ_ಜಾಣ
ಅದಕ್ಕೇ ಹೇಳೋದು, ನಮ್ಮ ಬೆಂಗಳೂರೇ ವಾಸಿ. ವಾಪಸ್ ಬನ್ನಿ ಸಾರ್.

ಶಿರಸಿ_ಬೆಟ್ಟ
ಬೆಂಗಳೂರಿನಲ್ಲಿ ಬೆಳಿಗ್ಗೆ ಎದ್ದರೆ ಗುಡಿಸಿದ ಎಲೆ ರಾಶಿಗೆ ಬೆಂಕಿ, ಅದರಲ್ಲಿ ಪ್ಲಾಸ್ಟಿಕ್. ಅದು ಯಾವ ಉಪಗ್ರಹಕ್ಕೂ ಕಾಣೋದಿಲ್ಲ, ಅದಕ್ಕೇ ಇಲ್ಲ ಅಂದುಕೊಂಡಿದ್ದೀರಿ.

ದ್ವಾರಕಾ_ತಿಪಟೂರು
ಎಲ್ಲರಿಗೂ ಧನ್ಯವಾದ. ದಿನಾ ಬೆಳಿಗ್ಗೆ ನಾನು ಏನು ನೋಡಬೇಕು ಅಂತ ಒಂದೆರಡು ಸಾಲಲ್ಲಿ ಹೇಳ್ತೀರಾ? ಮಗನನ್ನ ಫುಟ್‌ಬಾಲ್‌ಗೆ ಕಳಿಸೋದಾ ಬೇಡವಾ ಅಂತ ತೀರ್ಮಾನ ಮಾಡೋಕೆ.

ದೂರಸಂವೇದಿ
ಫುಟ್‌ಬಾಲ್‌ಗೆ ಸಮೀರ್‌ನಲ್ಲಿ ಹತ್ತಿರದ ಕೇಂದ್ರದ ಪಿಎಂ 2.5 ಸಾಕು, ಉಪಗ್ರಹ ಬೇಡ. ಬೆಳಿಗ್ಗೆ ಆರಕ್ಕಿಂತ ಮಧ್ಯಾಹ್ನ ಮೂರು ಸಾಮಾನ್ಯವಾಗಿ ವಾಸಿ. ಮುಂದಿನ ಅಂದಾಜು ಬೇಕಿದ್ದರೆ ನಾಸಾದ ವರ್ಲ್ಡ್‌ವ್ಯೂ ವೆಬ್‌ಸೈಟ್ ತೆಗೆದು ಹಿಂದಿನ ದಿನದ ನಿಜಬಣ್ಣದ ಚಿತ್ರ ನೋಡಿ. ಪಂಜಾಬ್ ಮೇಲೆ ಬೂದು ಪದರ, ಅದರ ಮೇಲೆ ಫರ್ಮ್ಸ್ ಚುಕ್ಕಿ, ಗಾಳಿ ವಾಯವ್ಯದಿಂದ. ಈ ಮೂರೂ ಸೇರಿದರೆ ಮಾಸ್ಕ್ ರೆಡಿ ಇಟ್ಕೊಳ್ಳಿ. ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹದ ಕಾರ್ಬನ್ ಮಾನಾಕ್ಸೈಡ್ ನಕ್ಷೆಯೂ ಸಹಾಯಕ್ಕೆ ಬರುತ್ತೆ, ಸಂಜೆ ಸುಟ್ಟದ್ದರ ಹೊಗೆಯೂ ಮಾರನೇ ದಿನ ಅದರಲ್ಲಿ ಉಳಿದಿರುತ್ತೆ.

ಮಂಡ್ಯ_ಕಬ್ಬು
ಅಣ್ಣ, ಆ ಫರ್ಮ್ಸ್‌ನಲ್ಲಿ ನಮ್ಮ ಕಡೆ ಕಬ್ಬಿನ ತರಗು ಸುಡೋದೂ ಕಾಣ್ತದಾ?

ದೂರಸಂವೇದಿ
ಮಧ್ಯಾಹ್ನ ಒಂದೂವರೆಗೆ ಜೋರಾಗಿ ಉರೀತಿದ್ದರೆ, ಮೋಡ ಇಲ್ಲದಿದ್ದರೆ, ಕಾಣುತ್ತೆ. ಅರ್ಧ ಎಕರೆ ಆದರೂ ಸಿಗಬಹುದು. ಕಬ್ಬು ಕಟಾವಿನ ತಿಂಗಳು ಹಾಕಿ ನೋಡಿ.

ಮಂಡ್ಯ_ಕಬ್ಬು
ನೋಡ್ದೆ. ನಮ್ಮೂರ ಮೇಲೆ ಎರಡು ಚುಕ್ಕಿ ಅವೆ. ಒಂದು ಯಾರ್ದು ಅಂತ ಗೊತ್ತು, ಹೇಳಕಿಲ್ಲ. ಇನ್ನೊಂದು ಕೆರೆ ನಡುಮಧ್ಯ ಬಿದ್ದದೆ.

ಹೊಸಪೇಟೆ_ಹೈದ
😂😂 35 ಎಕರೆ ಚೌಕ ಗುರು, ದಡದಲ್ಲಿರೋ ಗದ್ದೆ ಯಾರದ್ದು ನೋಡು.